ಬಾಂದು ಕಲ್ಲು: ಅಗಲ ಕೇಳಬೇಡಿ, ನಡುಗೆರೆ ಕೇಳಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರಸ್ತೆಯ ಬಗ್ಗೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್. ಹಾಗಾಗಿ ಬದು ಜಗಳ, ಬಂಡಿದಾರಿ, ಪೋಡಿ ಎಲ್ಲ ಮುಂದಿನ ಸಂಚಿಕೆಗೆ. ಬೇಸರ ಮಾಡಿಕೊಳ್ಳಬೇಡಿ.

ಬೇರೆ ಜಿಲ್ಲೆಯ ಓದುಗರಿಗಾಗಿ ಎರಡು ಮಾತು. ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಸೇರಬೇಕಾದ ದಾರಿ ಇದು. ಊರಿನ ಪಶ್ಚಿಮಕ್ಕೆ ನೈಸ್ ರಸ್ತೆ ಇದೆಯಲ್ಲ, ಉಂಗುರದ ಉಳಿದ ಅರ್ಧ ಇದು. ಜಮೀನು ಸ್ವಾಧೀನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2005ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು, 2007ರಲ್ಲಿ ಅಂತಿಮ ಅಧಿಸೂಚನೆ. ಆಗ 65 ಕಿಲೋಮೀಟರ್ ಇತ್ತು, ಆಮೇಲೆ 73 ಆಯಿತು. 2024ರ ಬಜೆಟ್‌ನಲ್ಲಿ ಹೆಸರೂ ಬದಲಾಗಿ 'ಬೆಂಗಳೂರು ಬಿಸಿನೆಸ್ ಕಾರಿಡಾರ್' ಆಯಿತು, ಖರ್ಚು 27,000 ಕೋಟಿ ಎಂದರು. ಇಷ್ಟೆಲ್ಲ ಆದರೂ ಕಾರು ಓಡಿಸುವ ಹಾಗೆ ಒಂದು ಮೈಲಿ ರಸ್ತೆ ಇನ್ನೂ ಆಗಿಲ್ಲ.

ಪ್ರಶ್ನೆ: ಸಾರ್, ನಮ್ಮದು ಯಲಹಂಕ ಕಡೆಯ ಹಳ್ಳಿ. ಇರುವುದು 1 ಎಕರೆ 12 ಗುಂಟೆ. 2005ರಲ್ಲಿ ಈ ರಸ್ತೆಯ ನೋಟಿಸ್ ಬಂದಾಗ ನಾನು ಏಳನೇ ಕ್ಲಾಸು. ಈಗ ನನ್ನ ಮಗಳು ಎರಡನೇ ಕ್ಲಾಸು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ರಸ್ತೆ ಅಗಲ ಒಮ್ಮೆ 100 ಮೀಟರ್ ಅಂದರು, ಒಮ್ಮೆ 75, ಮತ್ತೆ 100, ಈಗ 65. ಒಂದು ಕಚೇರಿಯಲ್ಲಿ ಜಮೀನು ಪೂರ್ತಿ ಹೋಗುತ್ತೆ ಅಂತಾರೆ. ಇನ್ನೊಂದು ಕಚೇರಿಯಲ್ಲಿ ಅರ್ಧ ಉಳಿಯುತ್ತೆ ಅಂತಾರೆ. ಯಾರನ್ನು ನಂಬಲಿ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಇಬ್ಬರ ಮೇಜಿನ ಮೇಲೂ ಬೇರೆ ಬೇರೆ ನಕ್ಷೆ ಇರಬೇಕು, ಅಷ್ಟೇ.

ನಾನು ಸರ್ವೆ ಕೆಲಸ ಕಲಿತದ್ದು ಸರಪಳಿಯಲ್ಲಿ. ಒಂದು ಸರಪಳಿ ಅಂದರೆ 33 ಅಡಿ, 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಇವತ್ತಿಗೂ ಮೀಟರ್ ಲೆಕ್ಕ ಹೇಳಿದರೆ ನನ್ನ ತಲೆ ಅದನ್ನು ಸರಪಳಿಗೆ ತಿರುಗಿಸಿಕೊಳ್ಳುತ್ತದೆ. 100 ಮೀಟರ್ ಅಂದರೆ ಹೆಚ್ಚೂಕಮ್ಮಿ ಹತ್ತು ಸರಪಳಿ. 75 ಅಂದರೆ ಏಳೂವರೆ. 65 ಅಂದರೆ ಆರೂವರೆ.

ಈಗ ನಿಮ್ಮ ಹೊಲಕ್ಕೆ ಬನ್ನಿ. ರಸ್ತೆ ಅದರೊಳಗೆ ಐದು ಸರಪಳಿ ದೂರ ಹಾದುಹೋಗುತ್ತದೆ ಅಂತಿಟ್ಟುಕೊಳ್ಳಿ. ಹತ್ತು ಸರಪಳಿ ಅಗಲವಾದರೆ 50 ಗುಂಟೆ ಹೋಯಿತು. ನಿಮ್ಮದು ಒಟ್ಟು 52. ಉಳಿದ 2 ಗುಂಟೆಯಲ್ಲಿ ಹುಲ್ಲಿನ ಬಣವೆ ಹಾಕಬಹುದು. ಅದೇ ಆರೂವರೆ ಸರಪಳಿ ಆದರೆ ಹೋಗುವುದು 32 ಗುಂಟೆ 8 ಆಣೆ. ಒಬ್ಬರಿಗೆ 'ಪೂರ್ತಿ', ಇನ್ನೊಬ್ಬರಿಗೆ 'ಅರ್ಧ' ಅಂತ ಕಂಡದ್ದು ಹೀಗೆ.

ಆದರೆ ಇಲ್ಲೊಂದು ಗಂಟಿದೆ. ಪೇಪರ್‌ನಲ್ಲಿ '65 ಮೀಟರ್' ಎಂದು ಓದಿದವರು ಮಿಕ್ಕ 35 ಮೀಟರ್ ವಾಪಸ್ ಬಂತು ಅಂತ ಸಿಹಿ ಹಂಚುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿದ್ದು ಅದಲ್ಲ. ರಸ್ತೆ ಕಿರಿದಾಗುತ್ತದೆ, ಆದರೆ ಮಿಕ್ಕ ಜಾಗವನ್ನು ಅಧಿಸೂಚನೆಯಿಂದ ಬಿಡುವುದಿಲ್ಲ. ಅಲ್ಲಿ ವಾಣಿಜ್ಯ ನಿವೇಶನ ಮಾಡಿ ಜಮೀನು ಕೊಟ್ಟವರಿಗೆ ಪಾಲು ಕೊಡುತ್ತೇವೆ ಅಂದರು. ಬರೀ ದುಡ್ಡು ತೆಗೆದುಕೊಳ್ಳಬಹುದು, ಟಿಡಿಆರ್ (ಬೇರೆ ಕಡೆ ಹೆಚ್ಚು ಕಟ್ಟಡ ಕಟ್ಟಲು ಬಳಸುವ, ಮಾರಲೂಬಹುದಾದ ಹಕ್ಕುಪತ್ರ) ತೆಗೆದುಕೊಳ್ಳಬಹುದು, ನಿವೇಶನ ತೆಗೆದುಕೊಳ್ಳಬಹುದು, ಹೀಗೆ ಬೇರೆ ಬೇರೆ ಆಯ್ಕೆ ಇಟ್ಟಿದ್ದಾರೆ. 73 ಕಿಲೋಮೀಟರ್ ಉದ್ದಕ್ಕೂ 35 ಮೀಟರ್ ಅಂದರೆ ಲೆಕ್ಕ ಹಾಕಿ ನೋಡಿ, ಸುಮಾರು 630 ಎಕರೆ. ಅಷ್ಟು ಜಾಗವನ್ನು ಯಾರೂ ಸುಮ್ನೆ ಬಿಟ್ಟುಕೊಡುವುದಿಲ್ಲ. ಅಂದರೆ ನಿಮ್ಮ ಮಟ್ಟಿಗೆ 50 ಗುಂಟೆಯೂ ಹೋಗಬಹುದು, ಅದರಲ್ಲೇ ಒಂದು ತುಂಡು ಸೈಟಾಗಿ ತಿರುಗಿ ಬರಬಹುದು. ಯಾವ ತುಂಡು, ಎಲ್ಲಿ ಎಂದು ಕೇಳಬೇಕಾದವರು ನೀವು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಅಗಲ ಕೇಳಬೇಡಿ, ನಡುಗೆರೆ ಕೇಳಿ. ರಸ್ತೆಯ ನಡುಗೆರೆ ಇದ್ದಲ್ಲೇ ಇದ್ದರೆ ಎರಡೂ ಪಕ್ಕದಿಂದ ಹದಿನೇಳೂವರೆ ಮೀಟರ್ ಕಮ್ಮಿಯಾಗುತ್ತದೆ. ನಡುಗೆರೆಯೇ ಒಂದು ಪಕ್ಕಕ್ಕೆ ಸರಿದರೆ ನಿಮ್ಮ ಹೊಲದಲ್ಲಿ ಒಂದಿಂಚೂ ಕಮ್ಮಿಯಾಗದೆ ಎದುರು ಮನೆಯವರ ಹೊಲ ಉಳಿಯಬಹುದು.

ಕೆಲಸ ಹೀಗೆ ಮಾಡಿ. ಮೊದಲು 2007ರ ಅಂತಿಮ ಅಧಿಸೂಚನೆಯ ಗೆಜೆಟ್ ಪ್ರತಿ ತೆಗೆಸಿ. ನಿಮ್ಮ ಸರ್ವೆ ನಂಬರ್, ಹಿಸ್ಸಾ, ಎಷ್ಟು ಎಕರೆ ಗುಂಟೆ ಎಂದು ಅದರಲ್ಲಿರುತ್ತದೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, 10 ರೂಪಾಯಿ ಖರ್ಚು. 'ಈಗ ಜಾರಿಯಲ್ಲಿರುವ ನಕ್ಷೆ ಕೊಡಿ' ಅಂತ ಬರೆಯಬೇಡಿ. 'ಇಂಥ ಸರ್ವೆ ನಂಬರ್‌ನಲ್ಲಿ ರಸ್ತೆಯ ನಡುಗೆರೆ ಎಲ್ಲಿ ಹಾಯುತ್ತದೆ, ಆ ನಕ್ಷೆಗೆ ಮಂಜೂರಾತಿ ಸಿಕ್ಕ ದಿನಾಂಕ ಯಾವುದು, ಸಹಿ ಯಾರದು' ಅಂತ ಬರೆಯಿರಿ. ದಿನಾಂಕ ಇಲ್ಲದ ನಕ್ಷೆ ನಕ್ಷೆಯೇ ಅಲ್ಲ. ಪಹಣಿಯ 11ನೇ ಕಾಲಂನಲ್ಲಿ (ಇತರ ಹಕ್ಕು, ಋಣ ಬರೆಯುವ ಕಾಲಂ) ಏನು ಬರೆದಿದ್ದಾರೆ ಅಂತಲೂ ನೋಡಿಕೊಳ್ಳಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಹೋಗಿ ಆರು ವರ್ಷ ಅಂದಿರಿ. ಪೌತಿ ಖಾತೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ, ಆಗಿದೆಯಾ? ಆಗಿರದಿದ್ದರೆ ರಸ್ತೆ ವಿಚಾರ ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿಸಿ. ಅಕ್ಕ ತಂಗಿಯರ ಹೆಸರೂ ಸೇರಿಸಿ. ಹಕ್ಕು ಯಾರದು ಎಂದು ಜಗಳ ಬಂದರೆ ಪರಿಹಾರದ ದುಡ್ಡು ಕೋರ್ಟಿಗೆ ಹೋಗಿ ಕೂರುತ್ತದೆ. ಆಮೇಲೆ ನಿಮ್ಮ ಮಗಳು ವಕೀಲಳಾಗಿ ಬಂದು ಬಿಡಿಸಬೇಕಾಗುತ್ತದೆ.

ಪ್ರಶ್ನೆ: ನಾನು ಮಂಡ್ಯದವಳು, ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ಸ್ಟೀಲ್ ಫ್ಲೈಓವರ್ ಐದು ತಿಂಗಳಲ್ಲಿ ನಿಂತುಹೋಯಿತು ಎಂದು ಮೇಷ್ಟ್ರು ಹೇಳಿದರು. ರಿಂಗ್ ರೋಡ್ ಮಾತ್ರ ಇಪ್ಪತ್ತು ವರ್ಷದಿಂದ ಸಾಯುತ್ತಲೂ ಇಲ್ಲ, ಬದುಕುತ್ತಲೂ ಇಲ್ಲ. ಎರಡೂ ಒಂದೇ ಪ್ರಾಧಿಕಾರದ್ದು. ಯಾಕೆ ಹೀಗೆ?

ಉತ್ತರ: ಒಳ್ಳೇ ಪ್ರಶ್ನೆ ಮಗಳೇ.

ಸ್ಟೀಲ್ ಫ್ಲೈಓವರ್ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ, 6.7 ಕಿಲೋಮೀಟರ್. 2016ರ ಸೆಪ್ಟೆಂಬರ್ ಕೊನೆಯಲ್ಲಿ ಸಂಪುಟ ಒಪ್ಪಿತು, ಸುಮಾರು 1,791 ಕೋಟಿ ಅಂದರು. 812 ಮರ ಹೋಗುತ್ತವೆ ಎಂದು ಗೊತ್ತಾಯಿತು. ಅಕ್ಟೋಬರ್ 16ರ ಭಾನುವಾರ ಜನ ಆ ರಸ್ತೆ ಪಕ್ಕದಲ್ಲೇ ಕೈಕೈ ಹಿಡಿದು ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಮೂರೇ ಪದ. ಅದೇ ತಿಂಗಳ ಕೊನೆಯಲ್ಲಿ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು.

ನಾನೂ ಅವತ್ತು ಹೋಗಿದ್ದೆ. ಪ್ರತಿಭಟನೆಗೆ ಅಂತಲ್ಲ, ನೋಡೋಣ ಅಂತ. ಕಾವೇರಿ ಥಿಯೇಟರ್ ಹತ್ತಿರ ಒಬ್ಬ ಅಜ್ಜ ಪ್ಯಾಂಟಿನ ಬೆಲ್ಟು ಬಿಗಿ ಮಾಡಿಕೊಂಡು, "ಈ ಮರದ ಕೆಳಗೇ ನಾನು ಬಸ್ಸಿಗೆ ಕಾಯ್ತಿದ್ದೆ, ನೋಡಿ" ಎಂದು ಯಾರ್‍ಯಾರಿಗೋ ತೋರಿಸುತ್ತಿದ್ದರು. ಆ ರಸ್ತೆಯ ಗುಟ್ಟು ಅದೇ. ವಿಮಾನ ನಿಲ್ದಾಣಕ್ಕೆ ಹೋಗುವವರೆಲ್ಲ ಆ ಮರಗಳನ್ನು ನೋಡಿದವರು. ಮಂತ್ರಿಗಳೂ ನೋಡಿದವರು, ಪತ್ರಿಕೆಯವರೂ ನೋಡಿದವರು. ಒಂದೇ ರಸ್ತೆ, ಒಂದೇ ಭಾನುವಾರ, ಒಂದೇ ಬೇಡಿಕೆ.

ರಿಂಗ್ ರೋಡಿಗೆ ಅದು ಯಾವುದೂ ಇಲ್ಲ. ತುಮಕೂರು ರಸ್ತೆ ಕಡೆಯ ರೈತನಿಗೂ ಹೊಸೂರು ರಸ್ತೆ ಕಡೆಯ ರೈತನಿಗೂ ಮುಖ ಪರಿಚಯವೇ ಇಲ್ಲ. ಬೇಡಿಕೆಯೂ ಒಂದಲ್ಲ. ರಸ್ತೆಯೇ ಬೇಡ ಅನ್ನುವವರು ಇದ್ದಾರೆ. ರಸ್ತೆ ಆಗಲಿ, ಈಗಿನ ಬೆಲೆ ಕೊಡಿ ಅನ್ನುವವರೂ ಇದ್ದಾರೆ. ಕೊಡಿ ಇಲ್ಲ ಬಿಡಿ, ಏನಾದರೂ ಒಂದು ಮಾಡಿ ಅನ್ನುವವರೇ ಜಾಸ್ತಿ. ಇಂಥವರನ್ನು ಸೇರಿಸಿ ಮಾನವ ಸರಪಳಿ ಮಾಡುವುದು ಹೇಗೆ? ಕೈ ಹಿಡಿಯಲು 73 ಕಿಲೋಮೀಟರ್ ಬೇಕು.

ಕಾನೂನಿನಲ್ಲಿ ಒಂದು ಗಡುವು ಇದೆ. ಬಿಡಿಎ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂತಿಮ ಅಧಿಸೂಚನೆಯಾಗಿ ಐದು ವರ್ಷದೊಳಗೆ ಯೋಜನೆಯನ್ನು ಬಹುಪಾಲು ಜಾರಿ ಮಾಡದಿದ್ದರೆ ಅದು ಬಿದ್ದುಹೋಗುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 'ಬಹುಪಾಲು' ಅಂದರೆ ಎಷ್ಟು ಎಂದು ವಾದ ಮಾಡಿಯೇ ಎಷ್ಟೋ ವಕೀಲರ ಮಕ್ಕಳ ಮದುವೆಯಾಗಿದೆ. ಸರ್ಕಾರದ ವಶಕ್ಕೆ ಒಮ್ಮೆ ಹೋದ ಜಮೀನು ಈ ಸೆಕ್ಷನ್ ಹಿಡಿದು ವಾಪಸ್ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೂ ಹೇಳಿದೆ.

ಫ್ಲೈಓವರ್ ಸತ್ತೇಹೋಯಿತು ಅಂತಲೂ ಹೇಳಬೇಡಿ. 2019ರ ಶುರುವಿನಲ್ಲೇ ಆಗಿನ ಉಪಮುಖ್ಯಮಂತ್ರಿ ಪರಮೇಶ್ವರ್ ಅದರ ಮಾತು ಮತ್ತೆ ಎತ್ತಿದ್ದರು. ಜನ ಮತ್ತೆ ಎದ್ದರು, ಮಾತು ಮತ್ತೆ ಮಲಗಿತು.

ಪ್ರಶ್ನೆ: ಪರಿಹಾರ ಯಾವ ವರ್ಷದ ದರಕ್ಕೆ? 2005ರ ದರ ಅಂತ ಕೆಲವರು ಹೆದರಿಸುತ್ತಾರೆ.
(ಹೊಸಕೋಟೆ ಕಡೆಯ ರೈತರು)

ಉತ್ತರ: ಹೆದರಿಸುವುದಲ್ಲ, ಜಗಳದ ಬೇರೇ ಅಲ್ಲಿದೆ. 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ ಬೆಲೆ ಕಟ್ಟುವುದು ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ದರಕ್ಕೆ. ಅದರ ಮೇಲೆ ಶೇಕಡಾ 30 ಸೊಲೇಷಿಯಂ, ಅಂದರೆ ಬಲವಂತವಾಗಿ ಜಮೀನು ತೆಗೆದುಕೊಂಡದ್ದಕ್ಕೆ ಮೇಲೆ ಕೊಡುವ ಹಣ. 2013ರ ಹೊಸ ಕಾಯ್ದೆಯಲ್ಲಿ ಸೊಲೇಷಿಯಂ ಶೇಕಡಾ 100, ಹಳ್ಳಿ ಜಮೀನಿಗೆ ಬೆಲೆಯನ್ನೇ ಎರಡು ಪಟ್ಟಿನವರೆಗೆ ಏರಿಸಿ ಲೆಕ್ಕ ಹಾಕಬಹುದು. ರೈತರು ಹೊಸ ಕಾಯ್ದೆ ಕೇಳಿದರು. ಬಿಡಿಎ ಸ್ವಾಧೀನಕ್ಕೆ ಹೊಸ ಕಾಯ್ದೆ ಅನ್ವಯಿಸುವುದಿಲ್ಲ, ಹಳೆಯದೇ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಸರ್ಕಾರ ಕೊಡುತ್ತೇನೆ ಎನ್ನುತ್ತಿರುವ ಪ್ಯಾಕೇಜು ಈ ಬಿಕ್ಕಟ್ಟಿನಿಂದ ಹುಟ್ಟಿದ ರಾಜಿ. ನೀವು ಒಪ್ಪಿ ಸಹಿ ಹಾಕುವ ಮುಂಚೆ ಆ ಕಾಗದದಲ್ಲಿ ದರ, ವಿಸ್ತೀರ್ಣ, ಕೊಡುವ ದಿನ ಮೂರೂ ತುಂಬಿದೆಯಾ ನೋಡಿ. ಖಾಲಿ ಜಾಗ ಬಿಟ್ಟ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಕೂಡ ಒತ್ತಬೇಡಿ.

ಪ್ರಶ್ನೆ: ನಾನು ನಿವೃತ್ತ ಇಂಜಿನಿಯರ್. ನಿಮ್ಮ ಅಂಕಣ ಓದಿದರೆ ಯೋಜನೆ ಬದಲಾಯಿಸುವುದೇ ಅಪರಾಧ ಅನ್ನಿಸುತ್ತದೆ. ಊರು ಬೆಳೆದ ಹಾಗೆ ನಕ್ಷೆ ಬದಲಾಗಬೇಡವೇ? ಎಲ್ಲದಕ್ಕೂ ಕೋರ್ಟಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ಗತಿ ಏನು?

ಉತ್ತರ: ಬದಲಾಗಲಿ ಸಾರ್, ನಾನೇನು ಬೇಡ ಅನ್ನುವುದಿಲ್ಲ. ಈ ರಸ್ತೆಯಲ್ಲೇ ಒಂದು ಬದಲಾವಣೆಗೆ ನಾನು ಕೈಮುಗಿಯುತ್ತೇನೆ. ಶುರುವಿನ ಅರ್ಜಿಯಲ್ಲಿ ಕಡಿಯಬೇಕಾದ ಮರ 200 ಎಂದು ಬರೆದಿದ್ದರು. ಪರಿಸರ ವರದಿ ತಯಾರಾಗುವಷ್ಟರಲ್ಲಿ ಅದು 16,785 ಆಗಿತ್ತು. 2014ರಲ್ಲಿ ಪರಿಸರ ಅನುಮತಿಯೂ ಸಿಕ್ಕಿತು. ಕೆಲವರು ಹಸಿರು ನ್ಯಾಯಮಂಡಳಿಗೆ ಹೋದರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ತಡೆದು, ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಹಳೇ ಅಂಕಿ, ಮರದ ಲೆಕ್ಕ, ದಾರಿಯಲ್ಲಿ ಸಿಗುವ ಪೆಟ್ರೋಲಿಯಂ ಪೈಪು, ಜಾರಕಬಂಡೆ ಕಾಡು, ಎಲ್ಲ ಆ ತೀರ್ಪಿನಲ್ಲಿದೆ. ಹೊಸದಾಗಿ ಎಣಿಸಿದಾಗ ಮರ ಎಷ್ಟಾಯಿತು ಗೊತ್ತಾ? 33,838.

ಇನ್ನೂರು ಎಂದು ಬರೆದ ಕೈ ಸುಳ್ಳು ಬರೆಯಬೇಕೆಂದು ಬರೆಯಿತೋ, ಕಾರಿನಲ್ಲಿ ಕೂತು ಕಿಟಕಿಯಿಂದ ಎಣಿಸಿತೋ. ಕೋರ್ಟಿಗೆ ಯಾರೂ ಹೋಗದಿದ್ದರೆ ಆ ಲೆಕ್ಕ ಮತ್ತೆ ಯಾರೂ ಹಾಕುತ್ತಿರಲಿಲ್ಲ. ಕೋರ್ಟಿನಿಂದ ತಡವಾಯಿತು ಎನ್ನುತ್ತೀರಿ. 2007ರಿಂದ 2014ರವರೆಗೆ ಏಳು ವರ್ಷ ಪರಿಸರ ಅನುಮತಿಯೇ ಇರಲಿಲ್ಲವಲ್ಲ, ಅದಕ್ಕೆ ಯಾವ ಕೋರ್ಟು ಕಾರಣ?

ನನ್ನ ತಕರಾರು ಬೇರೆ. ನಕ್ಷೆ ಬದಲಾದ ದಿನ ಯಾರ್‍ಯಾರಿಗೆ ಗೊತ್ತಾಗುತ್ತದೆ ಅನ್ನುವುದು. ನಿಮಗೂ ನನಗೂ ಗೊತ್ತು, ಮೊದಲು ಗೊತ್ತಾಗುವುದು ದಲ್ಲಾಳಿಗೆ. ಕೊನೆಗೆ ಗೊತ್ತಾಗುವುದು ಹೊಲದಲ್ಲಿ ಇರುವವರಿಗೆ. ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ.

ನಾನೂ ಅದರಲ್ಲಿ ಪಾಲುದಾರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಊರಿನಲ್ಲಿ ಬೈಪಾಸ್ ರಸ್ತೆಗೆ ಗೂಟ ಹೊಡೆಸಿದ್ದೆ. ಊರಿನ ಹೆಸರು ಬೇಡ. ಗೆರೆ ಒಬ್ಬ ವಿಧವೆಯ ಕೊಟ್ಟಿಗೆ ಮೇಲೆ ಹೋಗಿತ್ತು. "ಯಾವಾಗ ಕೆಡವಬೇಕು ಸ್ವಾಮಿ?" ಎಂದು ಕೇಳಿದರು. "ಆದಷ್ಟು ಬೇಗ" ಅಂದೆ. ಒಂದು ತಿಂಗಳಾದ ಮೇಲೆ ತಿದ್ದಿದ ನಕ್ಷೆ ಬಂತು. ಗೆರೆ 22 ಅಡಿ ಆಚೆ ಸರಿದಿತ್ತು, ಕೊಟ್ಟಿಗೆ ಉಳಿದಿತ್ತು. ಅವರಿಗೆ ತಿಳಿಸಿ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಹೋಗಲಿಲ್ಲ. ಗೂಟ ಬದಲಾಯಿಸಲು ಹೋದಾಗ ನೋಡಿದರೆ ಕೊಟ್ಟಿಗೆ ಇಲ್ಲ. ಎರಡು ಎಮ್ಮೆಯನ್ನೂ ಮಾರಿಬಿಟ್ಟಿದ್ದರು. ಆ ಹೆಂಗಸು ನನಗೆ ಬೈಯಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟರು. ಎಮ್ಮೆ ಇಲ್ಲದ ಮನೆಯಲ್ಲಿ ಅದನ್ನು ಯಾರ ಮನೆಯಿಂದ ತಂದಿದ್ದರೋ.

ಹಾಗಾಗಿ ನಕ್ಷೆ ಬದಲಾಯಿಸಿ ಸಾರ್, ಹತ್ತು ಸಲ ಬೇಕಾದರೂ ಬದಲಾಯಿಸಿ. ಬದಲಾಯಿಸಿದ ವಾರದೊಳಗೆ ಗ್ರಾಮ ಪಂಚಾಯಿತಿ ಗೋಡೆಗೆ ಹೊಸದನ್ನು ಅಂಟಿಸಿ, ಹಳೆಯದನ್ನು ಕಿತ್ತುಹಾಕಿ. ಅದಕ್ಕೆ ಬೇಕಾದದ್ದು ಒಂದು ಡಬ್ಬ ಗೋಂದು.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಪರಿಚಯದ ಏಜೆಂಟರೊಬ್ಬರು ಈ ಕಾರಿಡಾರ್ ಪಕ್ಕದಲ್ಲೇ 30×40 ಸೈಟು ಕಮ್ಮಿಗೆ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. 'ರಸ್ತೆ ಕಿರಿದಾಗಿದೆ, ಈಗ ನಮ್ಮ ಸೈಟು ಹೊರಗೆ ಬಿದ್ದಿದೆ' ಅಂತಾರೆ. ತಗೊಳ್ಳಲಾ?

ಉತ್ತರ: ಬೇಡ.

ಇಷ್ಟು ಸಾಕಾಗದಿದ್ದರೆ, ಆ ಏಜೆಂಟರಿಗೆ ಮೇಲಿನ ಮೊದಲ ಉತ್ತರ ಓದಿಸಿ. ರಸ್ತೆಯಿಂದ ಹೊರಗೆ ಬಿದ್ದದ್ದು ಅಧಿಸೂಚನೆಯಿಂದ ಹೊರಗೆ ಬಿದ್ದ ಹಾಗಲ್ಲ. ಅವರು ತೋರಿಸುವ ಕಲರ್ ನಕ್ಷೆಯನ್ನು ಪ್ರಿಂಟಿಂಗ್ ಅಂಗಡಿಯಲ್ಲಿ 20 ರೂಪಾಯಿಗೆ ಹಾಕಿಕೊಡುತ್ತಾರೆ. ಸರ್ವೆ ನಂಬರ್ ಕೇಳಿ, ಗೆಜೆಟ್ ನೋಡಿ, ಪಹಣಿ ನೋಡಿ. ಸರ್ವೆ ನಂಬರ್ ಹೇಳಲು ತಡವರಿಸಿದರೆ ಕಾಫಿ ಕುಡಿಸಿ ಕಳಿಸಿಬಿಡಿ.

ಪ್ರಶ್ನೆ: ನಮಸ್ಕಾರ. ನನಗೆ 71 ವರ್ಷ. ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ನಮ್ಮ ಜಮೀನೂ ಆ ರಸ್ತೆಗೆ ಹೋಗುತ್ತದಂತೆ. ಅಲ್ಲಿ ಎಂಟು ತೆಂಗಿನ ಮರ, ಎರಡು ಹಲಸಿನ ಮರ ಇವೆ. ಹಲಸು ನಮ್ಮ ಮಾವನವರ ಕಾಲದ್ದು. ತೆಂಗು ನಾನೇ ಇಟ್ಟದ್ದು. ಮರಕ್ಕೂ ದುಡ್ಡು ಕೊಡುತ್ತಾರಾ?

ಉತ್ತರ: ಕೊಡುತ್ತಾರೆ ಅಮ್ಮ, ಜಮೀನಿನ ಬೆಲೆ ಬೇರೆ, ಮರದ ಬೆಲೆ ಬೇರೆ. ಜಂಟಿ ಅಳತೆಗೆ ಬಂದಾಗ ಸರ್ವೆಯರ್ ಜೊತೆ ಮರ, ಬಾವಿ, ಮನೆ ಎಲ್ಲ ಪಟ್ಟಿ ಮಾಡುತ್ತಾರೆ. ಆ ದಿನ ನೀವೇ ಹೊಲದಲ್ಲಿ ಇರಬೇಕು. ಬೇರೆಯವರನ್ನು ಕಳಿಸಬೇಡಿ. ಪಟ್ಟಿಯಲ್ಲಿ 'ಮರಗಳು' ಅಂತ ಬರೆದರೆ ಬಿಡಬೇಡಿ. ತೆಂಗು ಎಂಟು, ಹಲಸು ಎರಡು, ವಯಸ್ಸು ಇಷ್ಟಿಷ್ಟು, ಫಲ ಬಿಡುತ್ತಿದೆ ಎಂದು ಬರೆಸಿ, ಪ್ರತಿ ಇಸಿದುಕೊಳ್ಳಿ.

ಒಂದು ಮಾತು ಹೇಳಲು ಕಷ್ಟವಾಗುತ್ತದೆ. ತೆಂಗು ಯಾವ ವರ್ಷ ಇಟ್ಟಿರಿ ಎಂದು ನೀವು ಬರೆದಿಲ್ಲ. ಹಳೇ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆದ ಮೇಲೆ ಅನುಮತಿ ಇಲ್ಲದೆ ಮಾಡಿದ ಯಾವ ಕೆಲಸಕ್ಕೂ ಪರಿಹಾರದಲ್ಲಿ ಲೆಕ್ಕವಿಲ್ಲ. 2005ಕ್ಕೆ ಮುಂಚೆ ಇಟ್ಟದ್ದಾದರೆ ಚಿಂತೆಯಿಲ್ಲ. ಆಮೇಲೆ ಇಟ್ಟದ್ದಾದರೆ ಅವರ ಪುಸ್ತಕದಲ್ಲಿ ಆ ಮರ ಇಲ್ಲವೇ ಇಲ್ಲ, ಹದಿನೈದು ವರ್ಷದಿಂದ ನೀವು ಕಾಯಿ ಕೀಳುತ್ತಿದ್ದರೂ ಸರಿ. ಆದರೂ ಪಟ್ಟಿಯಲ್ಲಿ ಬರೆಸಿ. ಈಗಿನ ಪ್ಯಾಕೇಜಿನಲ್ಲಿ ಕೇಳಲು ಒಂದು ಕಾಗದ ಕೈಲಿರಲಿ.

ಹಲಸಿನ ಮರದ ಫೋಟೋ ಮೊಮ್ಮಗನ ಕೈಲಿ ಇವತ್ತೇ ತೆಗೆಸಿ, ಬುಡದಲ್ಲಿ ನೀವು ನಿಂತು. ತೆಂಗಿಗೆ ಈ ವರ್ಷವೂ ಗೊಬ್ಬರ ಹಾಕಿ. ರಸ್ತೆ ಯಾವಾಗ ಬರುತ್ತದೋ, ಕಾಯಿ ಅಂತೂ ಬರುತ್ತದೆ.